ಎರಡು ಚೆಂಡು ಹಿಡಿದ ಸಿಂಹ

ಅವ್ವಾ,

ಗೆದ್ದೆ ಕಣವ್ವಾ, ನೀನೇ ಗೆದ್ದೆ! ಕುಶಲ ಕ್ಷೇಮವೆಲ್ಲ ಆಮೇಲೆ, ಮೊದಲು ಇದನ್ನು ಕೇಳು. ನೀನು ಕಂಡಿದ್ದು ಸಿಂಹವೇ.

ಬಂದಳಿಕೆಯ ಹೊಲದಲ್ಲಿ ಗೊಬ್ಬರದ ಗುಂಡಿ ತೋಡುವಾಗ ಆ ತಾಮ್ರದ ಬಿಲ್ಲೆಗಳು ಸಿಕ್ಕ ದಿನ ನೆನಪಿದೆಯಾ? ನೀನು ಒಂದನ್ನು ಸೆರಗಿನಲ್ಲಿ ಒರೆಸಿ ಬಿಸಿಲಿಗೆ ಹಿಡಿದು, "ಅಯ್ಯೋ ಶಿವನೆ, ಕಿರೀಟದ ಸಿಂಹ ಐತೆ ನೋಡೇ! ಮುಂಗಾಲಲ್ಲಿ ಎರಡು ಚೆಂಡು ಹಿಡ್ಕಂಡೈತೆ" ಎಂದು ಕೂಗಿದ್ದೆ. ನಾನು ಬುಟ್ಟಿ ಇಳಿಸಿ ಬರುವಷ್ಟರಲ್ಲಿ ನೀನು ಎಲ್ಲವನ್ನೂ ಮಡಿಲಿಗೆ ತುಂಬಿಕೊಂಡು ಮನೆ ದಾರಿ ಹಿಡಿದಿದ್ದೆ. ಮರುದಿನ ಸೋಮವಾರ. ತಾಮ್ರ ಅಂದರೆ ನಿನ್ನ ಕೈ ಸುಮ್ಮನಿರುತ್ತದೆಯೇ? ಪೂಜೆಯ ತಂಬಿಗೆ, ತಟ್ಟೆಯ ಜೊತೆ ಅವನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಫಳಫಳ ಹೊಳೆದವು. ಸಿಂಹ ಮಾತ್ರ ಮಾಯ!

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಹಳೇ ಹಂಡೆ ಚೂರು ಕಣಮ್ಮ ಇವು. ಸಿಂಹ ಎಲ್ಲಾದ್ರೂ ಚೆಂಡಾಟ ಆಡ್ತದಾ?" ಆಮೇಲೆ ಶಿಕಾರಿಪುರದ ಸಂತೆಯಲ್ಲಿ, ಸೊರಬದ ಮದುವೆಮನೆಯಲ್ಲಿ ನಿನ್ನನ್ನು ಕಂಡವರದೆಲ್ಲ ಒಂದೇ ಮಾತು: "ಸಿಂಹ ಹೆಂಗೈತ್ರೀ ನಿಂಗಮ್ಮಾರೆ?" ನೀನೂ ನಗುತ್ತಿದ್ದೆ. ಆದರೆ ಹಾಸಿಗೆ ಹಿಡಿದ ಮೇಲೆ ನನ್ನ ಕೈ ಹಿಡಿದು, "ನಾ ಸುಳ್ಳು ಹೇಳಿಲ್ಲ ಕಣೇ" ಅಂದೆಯಲ್ಲ... ನೀನು ಹೋದಾಗಿನಿಂದ ಆ ಮಾತು ನನ್ನನ್ನು ಕೊರೆಯುತ್ತಿತ್ತು.

ಮೊನ್ನೆ ಸುಣ್ಣ ಬಳಿಯಲು ದೇವರ ಮುಂದಿನ ದೀಪದ ಕಂಬ ಸರಿಸಿದೆ. ಅದರ ಅಡಿಯಲ್ಲಿ ಮಣ್ಣು ಮೆತ್ತಿದ ಒಂದು ಬಿಲ್ಲೆ! ಕಂಬ ಅಲ್ಲಾಡದಿರಲಿ ಎಂದು, ತಿಕ್ಕುವ ಮೊದಲೇ ನೀನು ಸಿಕ್ಕಿಸಿದ್ದು. ತೊಳೆಯದೆ, ಅರಿವೆಯಲ್ಲಿ ಸುತ್ತಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.

ಅಲ್ಲಿ ಹಳೆಯ ನಾಣ್ಯ ಕೂಡಿಡುವ ಮೇಷ್ಟ್ರೊಬ್ಬರಿದ್ದಾರೆ. "ತೊಳೆದಿಲ್ಲ ತಾನೇರೀ? ಹುಳಿ ಹಾಕಿ ತಿಕ್ಕಿದ್ರೆ ಸವೆದ ಚಿತ್ರ ಪೂರ್ತಿ ಹೋಗ್ತದೆ" ಎಂದೇ ಮಾತು ಶುರು ಮಾಡಿದರು. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಮಣ್ಣು ಬಿಡಿಸಿ, ಕಿಟಕಿಯ ಬೆಳಕಿಗೆ ವಾರೆ ಹಿಡಿದರು. ಮೊದಲು ಕಿರೀಟ ಕಂಡಿತು. ಆಮೇಲೆ ಸಿಂಹದ ಬೆನ್ನು. ಕಾಲಡಿ ಎರಡು ಗುಂಡು! ಚಿತ್ರಗಳ ದಪ್ಪ ಪುಸ್ತಕ ತಿರುವಿ ಪಕ್ಕದಲ್ಲಿಟ್ಟರು, ತದ್ರೂಪ. "ಸ್ಪೇನ್ ರಾಜರ ಕಾಸು ಕಣ್ರೀ. ಅವರ ಕೈಕೆಳಗಿದ್ದ ಫಿಲಿಪೈನ್ಸ್‌ನಲ್ಲಿ ನಡೀತಿತ್ತು. ಚೆಂಡಲ್ಲ, ಭೂಗೋಳ ಅವು. ಪ್ರಪಂಚ ಎಲ್ಲ ನಮ್ದೇ ಅನ್ನೋ ಜಂಬ." ಹಡಗಿನಲ್ಲಿ ಬಂದು ಘಟ್ಟ ಹೇಗೆ ಹತ್ತಿತೋ, ಯಾರ ಸೊಂಟದ ಚೀಲದಿಂದ ಜಾರಿತೋ, ಅದು ಅವರಿಗೂ ತಿಳಿಯದು.

ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ನುಗ್ಗಿ ದೊಡ್ಡಪ್ಪನಿಗೆ ಫೋನು ಮಾಡಿದೆ: "ಮನೇಲೇ ಇರ್ರಿ, ಚೆಂಡಾಟದ ಸಿಂಹ ಬರ್ತಾ ಐತೆ!"

ಊರಿಗೆ ಬಂದವಳೇ ಅವರ ಕೈಗಿಟ್ಟೆ. ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನಿಂಗಮ್ಮ ಹೇಳಿದ್ದು ಖರೇನೇ" ಎಂದವರು ಬೀದಿಗಿಳಿದು ಕಂಡಕಂಡವರನ್ನೆಲ್ಲ ಕರೆದರು. ಎಲ್ಲರೆದುರು ಅದನ್ನೇ ಇನ್ನೊಮ್ಮೆ ಹೇಳಿದರು, ಅವ್ವಾ! ನನಗೆ ಅಳು, ನಗು ಒಟ್ಟಿಗೇ ಬಂತು. ಅಷ್ಟರಲ್ಲಿ ಅವರೇ, "ಒಂಚೂರು ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಇನ್ನೂ ಚಂದ ಕಾಣ್ತಿತ್ತು" ಅನ್ನಬೇಕೇ? ಕೈಯಿಂದ ಕಿತ್ತುಕೊಂಡೆ.

ನಾಳೆ ಸೋಮವಾರ. ಮನೆಯ ತಾಮ್ರವನ್ನೆಲ್ಲ ನಿನ್ನ ಹಾಗೆಯೇ ತಿಕ್ಕುತ್ತೇನೆ, ಇದೊಂದನ್ನು ಬಿಟ್ಟು. ದೀಪದ ಕಂಬ ಮತ್ತೆ ಅಲ್ಲಾಡುತ್ತಿದೆ. ಅಲ್ಲಾಡಲಿ ಬಿಡು. ನಿನ್ನ ಸಿಂಹ ನಿನ್ನ ಫೋಟೋದ ಮುಂದಿದೆ, ಬಂದವರಿಗೆಲ್ಲ ದೊಡ್ಡಪ್ಪನೇ ತೋರಿಸುತ್ತಿದ್ದಾರೆ.

ನಿನ್ನ ಮಗಳು,
ಗಿರಿಜೆ