ಓದುಗಟ್ಟೆಯಿಂದ ನಡುವೆ ಇಳಿದವಳು

ಗದಗ
೨೧೮೬ನೆಯ ಇಸವಿ, ಫೆಬ್ರವರಿ ೩೦

ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಗುಣವಾದ, ನೂರೈವತ್ತು ವರ್ಷಗಳ ಹಿಂದಿನ ಅಕ್ಕತಂಗಿಯರಿಗೆ,

ತಾರೀಖು ತಪ್ಪಾಗಿ ಬಿದ್ದಿದೆ ಎಂದುಕೊಳ್ಳಬೇಡಿ. ತಿಂಗಳುಗಳನ್ನು ಸರಿಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ಬಂದಲ್ಲಿಯೇ ಅರ್ಥ ಹೇಳುತ್ತೇನೆ. ಒಂದೇ ಸಲ ಕೂತು ಬರೆದು ಮುಗಿಸಲು ನನಗೆ ಆಗುವುದಿಲ್ಲ. ಯಾಕೆಂದು ನಿಮಗೆ ಬೇಗ ತಿಳಿಯುತ್ತದೆ.

ನನ್ನ ಹೆಸರು ನೀಲಗಂಗಾ. ನಮ್ಮ ಓಣಿಯ ಓದುಗಾರ್ತಿ. ಯಾವ ಚಿತ್ರ ನಿಜ, ಯಾವ ದನಿ ಸುಳ್ಳು ಎಂದು ತಿಳಿಯದೇ ಹೋದ ವರ್ಷಗಳ ನಂತರ ಜನ ಕಣ್ಣೆದುರು ಕಂಡ ಮುಖವನ್ನು ಮಾತ್ರ ನಂಬತೊಡಗಿದರು. ಹಾಗಾಗಿ ಓಣಿಗೊಂದೇ ಪತ್ರಿಕೆ ಬರುತ್ತದೆ. ಅದನ್ನು ಓದುಗಟ್ಟೆಯ ಮೇಲೆ, ಅಂದರೆ ಚೌಕದ ಎತ್ತರದ ಜಗಲಿಯ ಮೇಲೆ ನಿಂತು, ಬೆಳಿಗ್ಗೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಜನ ಚಹಾ ಹಿಡಿದು, ಮಕ್ಕಳ ತಲೆ ಬಾಚುತ್ತ, ಕಾಳು ಆರಿಸುತ್ತ ಕೇಳುತ್ತಾರೆ. ಕೊನೆಯ ಸಾಲು ಮುಗಿಯುವವರೆಗೆ ಓದುವವರು ಕಟ್ಟೆ ಇಳಿಯುವಂತಿಲ್ಲ. ಇಳಿದರೆ ಅದಕ್ಕೆ ಇರುವುದು ಒಂದೇ ಅರ್ಥ: ಊರ ಮೇಲಿನ ಕೆರೆಯ ಏರಿ ಒಡೆದಿದೆ, ಗುಡ್ಡಕ್ಕೆ ಓಡಿ. ಸೈರನ್ನನ್ನು ಕಿಡಿಗೇಡಿಗಳು ಎಷ್ಟೋ ಸಲ ಸುಳ್ಳೇ ಕೂಗಿಸಿದ್ದರಿಂದ ಹಿರಿಯರು ಈ ಪದ್ಧತಿ ಮಾಡಿದರು.

ಎದ್ದು ಹೋಗಿ ಬಂದೆ. ಮುಂದುವರಿಸುತ್ತೇನೆ.

ನಿಮ್ಮ ರೋಗ ನಮ್ಮಲ್ಲಿ ಅಪರೂಪ. ಹುಡುಗಿಯರಿಗೆಲ್ಲ ಲಸಿಕೆ ಹಾಕುತ್ತಾರೆ. ನಾನು ಹುಟ್ಟಿದ ಅಲೆಮಾರಿ ಕುರಿಹಟ್ಟಿಗೆ ಮಾತ್ರ ಲಸಿಕೆಯ ಗಾಡಿ ಬಂದಿರಲಿಲ್ಲ. ಹೋದ ವರ್ಷ ರೋಗ ಬಂತು. ಕಿರಣ ಚಿಕಿತ್ಸೆಯಿಂದ ಗುಣವೂ ಆಯಿತು. ಆದರೆ ಕಿರಣ ತಾಗಿದ ಮೂತ್ರಕೋಶ ಮೊದಲಿನಂತಿಲ್ಲ. ಸ್ವಲ್ಪಕ್ಕೇ ತುಂಬಿದಂತಾಗುತ್ತದೆ, ಒತ್ತಡ ಬಂತೆಂದರೆ ತಡೆಯಲಾಗುವುದಿಲ್ಲ. ಡಾಕ್ಟರ್ ನಸೀಮಾಬಾನು ಮುಚ್ಚುಮರೆ ಇಲ್ಲದೆ ಹೇಳಿದರು: "ಪುಸ್ತಕದಾಗ ಓದೀನಿ ನೀಲಾ. ಕಣ್ಣಾರೆ ನೋಡಾಕತ್ತಿದ್ದು ನಿನ್ನ ಒಬ್ಬಾಕೀನ."

ನಾನು ನನಗೆ ತೋಚಿದ ಉಪಾಯ ಮಾಡಿದೆ. ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟೆ. ಒಣಗಿದ ಗಂಟಲಲ್ಲೇ ಕಟ್ಟೆ ಹತ್ತಿದೆ. ಉರಿ ಶುರುವಾಯಿತು, ಒತ್ತಡ ಇನ್ನೂ ಹೆಚ್ಚಿತು. ನೀರು ಕಡಿಮೆಯಾಗಿ ಮೂತ್ರ ಸಾಂದ್ರವಾದಷ್ಟೂ ಮೂತ್ರಕೋಶವನ್ನು ಕೆರಳಿಸುತ್ತದೆ ಎಂದು ಆಮೇಲೆ ತಿಳಿಯಿತು. ಡಾಕ್ಟರ್ ಬೈದರು. ದಿನವಿಡೀ ಸ್ವಲ್ಪ ಸ್ವಲ್ಪವೇ ನೀರು ಕುಡಿಯಬೇಕು, ಚಹಾ ಕಡಿಮೆ ಮಾಡಬೇಕು. ಒತ್ತಡ ಬರುವ ಮೊದಲೇ ಗಡಿಯಾರ ನೋಡಿ ಹೋಗಬೇಕು, ಮೈಗೆ ಒಗ್ಗಿದಂತೆ ಆ ಅಂತರವನ್ನು ಮೆಲ್ಲಗೆ ಹಿಗ್ಗಿಸಬೇಕು. ಒತ್ತಡ ಬಂದಾಗ ಓಡದೆ ನಿಂತು ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿಯಬೇಕು. ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಬರಬೇಕು. ಇದನ್ನೆಲ್ಲ ಮಾಡುತ್ತಿದ್ದೇನೆ. ಸುಧಾರಿಸಿದೆ, ಆದರೆ ಪೂರ್ತಿ ಹೋಗಿಲ್ಲ.

ಹೋದ ಸೋಮವಾರ ಜೋಳದ ದರ ಓದುತ್ತಿದ್ದಾಗ ಒತ್ತಡ ಬಂತು. ಬಿಗಿಹಿಡಿದೆ. ಆಗಲಿಲ್ಲ. ಇಳಿದೆ.

ಇಡೀ ಚೌಕ ಗುಡ್ಡಕ್ಕೆ ಓಡಿತು. ನಾನು ಶೌಚಾಲಯದಿಂದ ಹೊರಬಂದಾಗ ಚಹಾ ಲೋಟಗಳು ಉರುಳಿದ್ದವು, ಒಬ್ಬ ಮನುಷ್ಯನೂ ಇರಲಿಲ್ಲ. ಓಡುವಾಗ ನಮ್ಮ ಓಣಿಯ ಗವಿಸಿದ್ದಪ್ಪ ಎಡವಿ ಮಣಿಕಟ್ಟು ಮುರಿದುಕೊಂಡ. ಮಧ್ಯಾಹ್ನ ಇಳಿದು ಬಂದ ನೆರೆಮನೆಯ ಸಾವಂತ್ರೆವ್ವ ಕಂಕುಳಲ್ಲಿ ಕೋಳಿ ಹಿಡಿದೇ, ತಾನೇ ಏನೋ ಊಹಿಸಿಕೊಂಡು ಬೈದಳು: "ಹೊಟ್ಟಿ ಕೆಟ್ಟಿದ್ರ ಮುಂಚೇಕ ಹೇಳಬಾರದೇನ ನಮ್ಮವ್ವಾ? ನನ್ನ ಕೋಳಿಗೂ ಗುಡ್ಡಾ ತೋರಿಸಿಬಿಟ್ಟೆಲ್ಲಾ!" ಎಲ್ಲರೂ ನಕ್ಕರು. ಗವಿಸಿದ್ದಪ್ಪನ ಹೆಂಡತಿ ನಗಲಿಲ್ಲ.

ಇಂದು ಓಣಿಯ ಸಭೆ. ಯಾಕೆ ಇಳಿದೆ ಎಂದು ಹೇಳಬೇಕು, ಇಲ್ಲವೇ ಓದುವ ಕೆಲಸ ಬಿಡಬೇಕು. ಸಭೆಯ ಹಿರಿಯ ಚೆನ್ನವೀರಣ್ಣ ಬೆಳಿಗ್ಗೆ ಬಾಗಿಲಿಗೇ ಬಂದಿದ್ದ. ನಿಜವಾದ ಕಾರಣ ಅವನಿಗೆ ಹೇಳಿದೆ. "ತಲಿ ತಿರಗಿತ್ತು ಅಂದ್ಬಿಡ ತಂಗಿ. ಮುಗೀತು. ಹೆಣಮಕ್ಕಳ ಸಂಗತಿ ಸಭಾದಾಗ ಯಾಕ?" ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಇದು ಮತ್ತೆ ಆಗುತ್ತದೆ. ಎರಡನೇ ಸಲ ತಲೆ ತಿರುಗಿತೆಂದರೆ ಯಾರು ನಂಬುತ್ತಾರೆ? ಅದಕ್ಕಿಂತ ಕೆಟ್ಟದ್ದು, ಏರಿ ನಿಜವಾಗಿ ಒಡೆದ ದಿನ ನಾನು ಇಳಿದರೆ ಯಾರು ಓಡುತ್ತಾರೆ?

ಈ ವಾರವೆಲ್ಲ ಗ್ರಂಥಾಲಯದಲ್ಲಿ ನಿಮ್ಮ ಕಾಲದ ಪತ್ರಿಕೆಗಳನ್ನು ಹುಡುಕಿದೆ. ಹೊಸ ಯಂತ್ರದ ಉದ್ಘಾಟನೆ ಇದೆ, ಗುಣವಾದವರ ಸಂಖ್ಯೆ ಇದೆ. ಗುಣವಾದವಳು ಮದುವೆ ಮಂಟಪದಲ್ಲಿ ಹೇಗೆ ಕೂತಳು, ದೂರದ ಬಸ್ಸನ್ನು ಹೇಗೆ ಹತ್ತಿದಳು, ಗಂಡನಿಗೆ ಏನು ಹೇಳಿದಳು ಎಂಬುದು ನಾನು ನೋಡಿದ ಯಾವ ಪುಟದಲ್ಲೂ ಇಲ್ಲ. ನೀವು ಸಾವಿರಾರು ಜನ ಇದ್ದಿರಿ. ನಾನು ಇಲ್ಲಿ ಒಬ್ಬಳೇ. ದಯವಿಟ್ಟು ಡಾಕ್ಟರಿಗೆ ಹೇಳಿ, ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಬರೆದಿಡಿ. ನಾಚಿಕೆಯಾದರೆ ಹೆಸರು ಹಾಕಬೇಡಿ.

ಹೊರಗೆ ಜನ ಸೇರುತ್ತಿದ್ದಾರೆ. ಮೂತ್ರಕ್ಕೆ ಹೋಗಲು ಇಳಿದೆ ಎಂದೇ ಹೇಳುತ್ತೇನೆ. ಏರಿ ಒಡೆದರೆ ಕೆಂಪು ಬಟ್ಟೆ ಬೀಸಬೇಕು, ಓದುವವರು ಬೇಕಾದಾಗ ಇಳಿದು ಹೋಗಿ ಬರಬಹುದು ಎಂದು ನಿಯಮ ಬದಲಿಸಲು ಕೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಬಟ್ಟೆಯನ್ನು ಮಾತ್ರ ಈಗಾಗಲೇ ಕೋಲಿಗೆ ಕಟ್ಟಿದ್ದೇನೆ.

ನಿಮ್ಮ,
ನೀಲಗಂಗಾ