ಚಾಪೆಗೆ ಹೆದರಿದ ಕಂಪನಿ

ಸವಾಯಿ ದ್ವೀಪ, ಸಮೋವಾ
ಮಂಗಳವಾರ, ಊಟದ ಪಾತ್ರೆ ತೊಳೆದಾದ ಮೇಲೆ

ನನ್ನ ಸಿನಲೇ,

ಹೋದ ವಾರ ನೀನು ಫೋನಿನಲ್ಲಿ, "ಕಂಪನಿಯವರು ನೋಟೀಸು ವಾಪಸ್ ತಗೊಂಡ್ರು ಕಣೇ ಫುವಾ, ಅವ್ರಿಗೇ ಸುಸ್ತಾಯ್ತು ಅಂತ ಕಾಣತ್ತೆ" ಅಂದೆ. ನಾನು "ಹೌದೇನೋ" ಅಂದುಬಿಟ್ಟೆ. ಪಕ್ಕದಲ್ಲಿ ಪಿಸಿಲಾ ಅತ್ತೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದಳು. ಅವರಿಗೆ ಸುಸ್ತಾಗಿರಲಿಲ್ಲ, ಸಿನಲೇ. ಅವರಿಗೆ ಸುಸ್ತು ಮಾಡಿಸಲಾಗಿತ್ತು. ಅದನ್ನು ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ ನಗುತ್ತೀ, ಇಲ್ಲವೇ ಬೈಯುತ್ತೀ. ಅದಕ್ಕೇ ಕಾಗದ. ಬಸ್ಸಿನ ಮಲಾಕಿ ನಾಳೆ ಮಗಳ ಮದುವೆಗೆಂದು ಬ್ರಿಸ್ಬೇನಿಗೆ ಹೊರಟಿದ್ದಾನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಅವನು ನಿನ್ನ ಎದುರಿಗೇ ಕೂತು ಏನಾದರೂ ತಿನ್ನುತ್ತಿರುತ್ತಾನೆ. ಅವನ ಬಾಯಿಂದ ಕಥೆ ಕೇಳಬೇಡ. ಅವನು ಹೇಳಿದರೆ ಎಲ್ಲವನ್ನೂ ಅವನೊಬ್ಬನೇ ಮಾಡಿದ ಹಾಗಿರುತ್ತದೆ.

ಇದೆಲ್ಲ ಶುರುವಾಗಿದ್ದು ನಮ್ಮ ಹೆಂಗಸರ ಕಿರಿಕಿಟಿ ಪಂದ್ಯದಿಂದ, ನಮ್ಮೂರ ಕ್ರಿಕೆಟ್ಟಿನಿಂದ, ಅದು ನಿನಗೆ ಗೊತ್ತು. ಚರ್ಚಿನ ಕೆಲಸ ಬಂತೆಂದು ಪಂದ್ಯವನ್ನು ಶನಿವಾರದಿಂದ ಗುರುವಾರಕ್ಕೆ ತಂದಿದ್ದೆವು. ನಾನು ಆ ಕಂಪನಿಯ ಹಲೋವಾದಲ್ಲಿ ತಂಡದ ಪುಟದ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ನಮ್ಮೂರಲ್ಲಿ ಯಾರಿಗೆ ಏನು ಹೇಳಬೇಕಾದರೂ ಹಲೋವಾದಲ್ಲೇ ತಾನೆ ಹೇಳುವುದು? ಫೋನಿನ ಕಾರ್ಡಿನಲ್ಲಿ ಅದೊಂದೇ ಪುಕ್ಕಟೆ, ಬೇರೆ ಏನು ತೆರೆದರೂ ದುಡ್ಡು. ಗುರುವಾರ ಎದುರಾಳಿ ಊರಿಗೆ ಊರೇ ಎರಡು ಬಸ್ಸಿನಲ್ಲಿ ಡೋಲು ಬಾರಿಸುತ್ತ ಬಂದಿಳಿಯಿತು. ಮೈದಾನದಲ್ಲಿ ನಮ್ಮ ಕಡೆಯವರು ಆರೇ ಜನ! ಉಳಿದ ಹೆಂಗಸರಿಗೆ ನನ್ನ ಬರಹ ಕಾಣಿಸಿಯೇ ಇರಲಿಲ್ಲ. ಅವರಿಗೆಲ್ಲ ಕಂಡದ್ದು ಹೊಟ್ಟೆ ಕರಗಿಸುವ ಪುಡಿಯ ಜಾಹೀರಾತು, ಮತ್ತೆ ಆಕ್ಲೆಂಡಿನಲ್ಲಿ ಯಾರೋ ಇಬ್ಬರು ಅಕ್ಕತಂಗಿಯರ ಜಗಳ. ತಂಡದವರಿಗೆಲ್ಲ ಕಾಣಬೇಕಾದರೆ ದುಡ್ಡು ಕಟ್ಟಬೇಕಿತ್ತಂತೆ. ನಮ್ಮ ತಂಡಕ್ಕೆ ನಾವು ಹೇಳಲು ದುಡ್ಡು! ಕೊನೆಗೆ ಪಿಸಿಲಾ ಅತ್ತೆ ಮಲಾಕಿಗೆ ತನ್ನ ಹೂವಿನ ಲಂಗ ಉಡಿಸಿ ಮೈದಾನಕ್ಕೆ ತಳ್ಳಿದಳು. "ಮೀಸೆ ಮುಚ್ಕೊಂಡು ಓಡು" ಅಂದಳು. ನಾವು ಒಬ್ಬೊಬ್ಬರೇ ಔಟಾದಾಗಲೆಲ್ಲ ಅವರು ಕುಣಿದರು. ಕುಣಿದವರಿಗೆ ನಾವೇ ಊಟವನ್ನೂ ಹಾಕಿದೆವು.

ಇದನ್ನು ಹೇಳಿದಾಗ ನೀನು ಲಂಗದವರೆಗೆ ನಕ್ಕೆ. ಆಮೇಲೆ ಬ್ರಿಸ್ಬೇನ್ ಪಕ್ಕದ ಲೋಗನ್ನಿನ ನಿನ್ನ ಶಾಲೆಗೆ ರಜೆ ಬಂದದ್ದೇ ತಡ, ನಾಲ್ಕನೇ ಕ್ಲಾಸಿನವರಿಗೆ ಲೆಕ್ಕ ಹೇಳಿಕೊಡುವ ನೀನು ಕೂತು ಆ ಸಣ್ಣ ಯಂತ್ರವನ್ನು, ಆಪ್ ಅಂತೀರಲ್ಲ, ಅದನ್ನು ಮಾಡಿದೆ. ಅದನ್ನು ಫೋನಿಗೆ ಹಾಕಿಕೊಂಡರೆ ಹಲೋವಾದಲ್ಲಿ ನಾವು ಆರಿಸಿದವರು ಮಾತ್ರ, ಅವರು ಹೇಳಿದ ಹೊತ್ತಿನ ಕ್ರಮದಲ್ಲೇ ಕಾಣುತ್ತಿದ್ದರು. ಯಾರನ್ನು ನೋಡಬೇಕು, ಯಾರನ್ನು ಬಿಡಬೇಕು, ಎಲ್ಲ ನಮ್ಮ ಕೈಯಲ್ಲಿ. ನಮ್ಮೂರ ಹೆಂಗಸರು ಒಟ್ಟಿಗೆ ಕೂತು ಮಾತಾಡುವುದು ಚಾಪೆಯ ಮೇಲೆ ಎಂದು ಅದಕ್ಕೆ ನೀನು 'ಫಾಲಾ', ಚಾಪೆ, ಅಂತಲೇ ಹೆಸರಿಟ್ಟೆ. ಪಿಸಿಲಾ ಅತ್ತೆ ಮೊದಲ ದಿನ ಅದನ್ನು ತೆರೆದು, "ಅಯ್ಯೋ, ನನ್ನ ತಂಗಿ ಇನ್ನೂ ಬದುಕಿದಾಳೆ! ಎರಡು ವರ್ಷದಿಂದ ದಿನಾ ಬರೀತಿದಾಳೆ, ನನಗೆ ಕಂಡೇ ಇರ್ಲಿಲ್ಲ" ಎಂದು ಕೂಗಿದ್ದು ಪಕ್ಕದೂರಿಗೂ ಕೇಳಿರಬೇಕು.

ಫಾಲಾ ಸಮೋವಾದ ಎರಡೂ ದ್ವೀಪಗಳಲ್ಲಿ ಹಬ್ಬಿತು. ಆಮೇಲೆ ಫಾಲಾ ನಿಲ್ಲಿಸು ಎಂದು ನಿನಗೆ ಕಂಪನಿಯ ವಕೀಲರ ನೋಟೀಸು ಬಂತು, ನಿನ್ನ ಹಲೋವಾ ಖಾತೆಗೆ ಬೀಗ ಬಿತ್ತು. ನೀನು ಅವತ್ತು ಮಾಡಿದ ಫೋನು ನನ್ನ ಕಿವಿಯಲ್ಲಿ ಹಾಗೇ ಇದೆ. "ನೋಟೀಸು ಹಾಳಾಗ್ಲಿ ಫುವಾ, ಅಮ್ಮ ಹಾಡಿದ್ದು ಅದರೊಳಗಿದೆ. ಬೇರೆಲ್ಲೂ ಇಲ್ಲ." ನಿನ್ನಮ್ಮ, ನಮ್ಮೆಲ್ಲರ ಮತಲೇನಾ ಅಮ್ಮ, ತೀರಿಹೋಗಿ ನಾಲ್ಕು ವರ್ಷವಾಗಿತ್ತು, ಮೈದಾನದಂಚಿನಲ್ಲಿ ಪೀಪಿ ಊದುತ್ತ ನಮ್ಮ ತಂಡಕ್ಕೆ ಹಾಡು ಹೇಳಿಕೊಡುತ್ತಿದ್ದ ಆ ದನಿಯನ್ನು ನೀನು ಆ ಕಂಪನಿಯನ್ನು ನಂಬಿ ಅಲ್ಲಿ ಇಟ್ಟಿದ್ದೆ. ನಾವು ರಾಜಧಾನಿ ಆಪಿಯಾಕ್ಕೆ ಹೋಗಿ ದೂರು ಕೊಡುತ್ತೇವೆ ಅಂದರೆ ನೀನು ಬೇಡವೇ ಬೇಡ ಅಂದೆ. "ನಾನೊಬ್ಬಳು ಮೇಷ್ಟ್ರಮ್ಮ, ಅವ್ರ ಜೊತೆ ಕೋರ್ಟಿಗೆ ಓಡಾಡೋಕಾಗತ್ತಾ? ನನ್ನ ಹೆಸರು ಎಲ್ಲೂ ಎತ್ತಬೇಡಿ." ನಾವು ಸುಮ್ಮನಾದೆವು. ಸುಮ್ಮನೇ ಇರುತ್ತಿದ್ದೆವೋ ಏನೋ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲದ್ದು.

ನಿನ್ನನ್ನು ಹೊರಗೆ ಹಾಕಿದರೂ ಫಾಲಾ ಬಾಯಿಂದ ಬಾಯಿಗೆ ಹರಡುತ್ತಲೇ ಇತ್ತು. ಅದಕ್ಕೆ ಕಂಪನಿಯವರು ಒಂದು ಉಪಾಯ ಮಾಡಿದರು. ಹಲೋವಾದಲ್ಲಿ ಯಾರು ಎಲ್ಲಿ 'ಫಾಲಾ' ಅಂತ ಬರೆದರೂ ಆ ಬರಹ ಮಾಯ! ಅದರ ಜಾಗದಲ್ಲಿ, "ಇದು ನಿಮ್ಮ ಸುರಕ್ಷತೆಗೆ ಅಪಾಯಕಾರಿ" ಎಂಬ ಸೂಚನೆ. ಈ ಉಪಾಯ ಮಾಡಿದ ಪುಣ್ಯಾತ್ಮನಿಗೆ ನಮ್ಮ ಭಾಷೆಯ ಒಂದೇ ಒಂದು ಶಬ್ದವೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಇಡೀ ಸಮೋವಾದಲ್ಲಿ ಚಾಪೆ ಹೆಣೆಯುವ ಹೆಂಗಸರು ಎಷ್ಟಿದ್ದಾರೆ, ಯೋಚಿಸು. ಸಲೆಲೊಲೊಗ ಸಂತೆಯಲ್ಲಿ ಚಾಪೆ ಮಾರುವವರೆಲ್ಲ ಹಲೋವಾದಲ್ಲೇ ಗಿರಾಕಿ ಹುಡುಕುವವರು. ಅವರ ಬರಹಗಳೆಲ್ಲ ಒಂದೇ ಬೆಳಗ್ಗೆ ಅಳಿಸಿಹೋದವು. ಅನಾನಸು ಮಾರುವವರದ್ದೂ ಹೋಯಿತು, ಯಾಕೆಂದರೆ ಅದು ನಮ್ಮ ಬಾಯಲ್ಲಿ 'ಫಾಲಾ ಐನಾ' ಅಲ್ಲವೇ. ಮದುವೆಗೆ ಹಾಸಲು ಚಾಪೆ ಕೇಳಿದವರು, ಚಾಪೆ ಒಣಗಲು ಬಿಸಿಲು ಬರಲಪ್ಪಾ ದೇವರೇ ಎಂದವರು, ಎಲ್ಲರೂ ಅಪಾಯಕಾರಿಗಳು!

ಪಿಸಿಲಾ ಅತ್ತೆಯ ಕೋಪ ನೋಡಬೇಕಿತ್ತು. "ಚಾಪೆ ಅಪಾಯವಂತೆ! ನನ್ನ ಗಂಡ ಸಾಯೋತನಕ ಅದರ ಮೇಲೇ ಮಲಗಿದ್ದ, ಸೊಂಟ ಸಹ ಹಿಡ್ಕೊಳ್ಳಲಿಲ್ಲ. ಸಿನಲೇ ತನ್ನ ಹೆಸರು ಎತ್ತಬೇಡಿ ಅಂದ್ಲು, ಸರಿ, ಎತ್ತಲ್ಲ. ಇದು ಈಗ ನನ್ನ ಚಾಪೆ ಜಗಳ."

ಕಂಪನಿಗಳು ನ್ಯಾಯವಾಗಿ ವ್ಯಾಪಾರ ಮಾಡುತ್ತವೆಯೋ ಇಲ್ಲವೋ ನೋಡಲು ಆಪಿಯಾದಲ್ಲಿ ಒಂದು ಆಯೋಗವಿದೆಯಲ್ಲ, ಅಲ್ಲಿಗೆ ಮಹಿಳಾ ಸಮಿತಿಯಿಂದ ದೂರು ಹೋಯಿತು. ಬೇರೆ ಊರುಗಳಿಂದಲೂ ಹೋಯಿತು. ವಿಚಾರಣೆಯ ದಿನ ಮಲಾಕಿಯ ಬಸ್ಸನ್ನೇ ಹಡಗಿಗೆ ಹತ್ತಿಸಿ ಹೊರಟೆವು. ಎಲ್ಲರ ತೊಡೆಯ ಮೇಲೂ ಸುರುಳಿ ಸುತ್ತಿದ ಚಾಪೆ. ಅಲ್ಲಿ ಕುರ್ಚಿಗಳು ಸಾಲಲಿಲ್ಲ, ನಮಗೆ ಬೇಕಾಗಿಯೂ ಇರಲಿಲ್ಲ. ಚಾಪೆ ಹಾಸಿ ಚಕ್ಕಳಮಕ್ಕಳ ಹಾಕಿ ಕೂತೆವು. ಗೋಡೆಯ ದೊಡ್ಡ ಪರದೆಯಲ್ಲಿ ಕಂಪನಿಯ ವಕೀಲ ಸಿಡ್ನಿಯಿಂದ ಮುಖ ತೋರಿಸಿದ. ಚೆಂದದ ಟೈ ಕಟ್ಟಿದ್ದ, ಪಾಪ. ಹಲೋವಾ ಸೇರುವಾಗ ಎಲ್ಲರೂ ನಿಯಮಗಳಿಗೆ ಒಪ್ಪಿದ್ದಾರೆ, ಜನರ ಸುರಕ್ಷತೆಗಾಗಿಯೇ ಕೆಲವು ಹೆಸರುಗಳನ್ನು ತಡೆದಿದ್ದೇವೆ ಎಂದು ಬಹಳ ಹೊತ್ತು ಹೇಳಿದ.

ಆಯೋಗದ ಅಧ್ಯಕ್ಷೆ, "ದೂರುದಾರರು ಏನಾದರೂ ಕೇಳ್ತೀರಾ?" ಅಂದರು. ಪಿಸಿಲಾ ಅತ್ತೆ ಕೂತಲ್ಲಿಂದಲೇ ಕೇಳಿದಳು.

"ಏನಪ್ಪಾ, ನಾನು ಕಾಣಿಸ್ತಿದೀನಾ? ಯಾವುದರ ಮೇಲೆ ಕೂತಿದೀನಿ ಹೇಳು ನೋಡೋಣ."

"ಅದು... ಚಾಪೆ ಅನ್ಸತ್ತೆ, ಮೇಡಂ."

"ನಮ್ಮ ಭಾಷೇಲಿ ಅದಕ್ಕೆ ಫಾಲಾ ಅಂತಾರೆ. ಇಷ್ಟೊತ್ತು ನೋಡಿದ್ಯಲ್ಲ, ನಿನಗೇನಾದ್ರೂ ಗಾಯ ಆಯ್ತಾ ಮಗಾ?"

ಅಧ್ಯಕ್ಷೆ ನಗು ತಡೆದುಕೊಂಡು ತಮ್ಮ ಫೋನು ತೆಗೆದರು. "ಅಮ್ಮನಿಗೆ ಹೊಸ ಫಾಲಾ ಬೇಕು" ಎಂದು ಬರೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಅದು ನಮ್ಮ ಕಣ್ಣೆದುರೇ ಮಾಯವಾಯಿತು. ಸಭೆಯಲ್ಲಿ ನಗು ಉಕ್ಕಿತು. ಅವರು ಮಾತ್ರ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದರು. ಈ ತಿಂಗಳು ನೀವು ಶುರು ಮಾಡಿರುವ 'ಹಲೋವಾ ಗೋಲ್ಡ್' ಏನು ಮಾಡುತ್ತದೆ?

ವಕೀಲ ನೀರು ಕುಡಿದ. ಬಳಕೆದಾರರು ತಮಗೆ ಬೇಕಾದವರನ್ನು ಮಾತ್ರ, ಬಂದ ಕ್ರಮದಲ್ಲಿ ನೋಡಬಹುದು ಅಂದ. ಅದಕ್ಕೆ ಎಷ್ಟು ಕೊಡಬೇಕು? ತಿಂಗಳಿಗೆ ಹತ್ತು ತಾಲಾ ಅಂದ.

ಹಿಂದಿನಿಂದ ಮಲಾಕಿ ಕೂಗಿದ. "ನಮ್ಮ ಹುಡುಗಿ ಅದನ್ನೇ ಪುಕ್ಕಟೆ ಕೊಟ್ಟಳಲ್ಲ, ಅದಕ್ಕೇ ನಿಮಗೆ ಹೊಟ್ಟೆ ಉರಿ!" ನಿನ್ನ ಹೆಸರು ಹೇಳಲಿಲ್ಲ, ನೋಡು. ಆಮೇಲೆ ಅಧ್ಯಕ್ಷೆ ಆ ಹುಡುಗಿ ಯಾರು ಎಂದು ಕೇಳಿದಾಗ ಬಸ್ಸಿನವರೆಲ್ಲ ಒಟ್ಟಿಗೇ "ಸಿನಲೇ!" ಅಂದುಬಿಟ್ಟರು. ಅದಕ್ಕೆ ನಾನೇನು ಮಾಡಲಿ?

ತೀರ್ಪು ಬಂದು ಹತ್ತಿರ ಹತ್ತಿರ ಎರಡು ವಾರವಾಯಿತು. ಚಾಪೆಗೂ ಅನಾನಸಿಗೂ ಬಿಡುಗಡೆಯಾಗಿದೆ. ತನ್ನ ಸರಕು ಮಾರಲಿಕ್ಕೆಂದು ಬೇರೆಯವರ ಯಂತ್ರವನ್ನು ತಡೆಯಕೂಡದು, ಅದನ್ನು ಮಾಡಿದವರನ್ನಾಗಲಿ ಬಳಸಿದವರನ್ನಾಗಲಿ ಬೆದರಿಸಕೂಡದು ಎಂದು ಆಯೋಗ ಹೇಳಿದೆ. ನಿನ್ನ ನೋಟೀಸು ವಾಪಸ್ ಹೋದದ್ದು ಅದಕ್ಕೇ, ಸುಸ್ತಿನಿಂದಲ್ಲ. ಕಾರ್ಡಿನಲ್ಲಿ ಹಲೋವಾ ಒಂದೇ ಪುಕ್ಕಟೆ ಎನ್ನುವ ವಿಷಯ ಇನ್ನೂ ಬಗೆಹರಿದಿಲ್ಲ. ಅದಕ್ಕೆ ಇನ್ನೊಂದು ವಿಚಾರಣೆಯಂತೆ. ಅನಾನಸಿನವರು ಈಗಲೇ ತಯಾರಿ ನಡೆಸಿದ್ದಾರೆ.

ಈಗ ಮುಖ್ಯವಾದ ಮಾತು. ಜನ ಹಲೋವಾದಲ್ಲಿ ಇಟ್ಟಿದ್ದು ಜನರದ್ದೇ, ಖಾತೆ ಮುಚ್ಚಿದ್ದರೂ ಸರಿ, ಕೇಳಿದವರಿಗೆ ಎಲ್ಲವನ್ನೂ ಕೊಡಲೇಬೇಕು ಎಂದೂ ಆಜ್ಞೆಯಾಗಿದೆ. ಸಿನಲೇ ಈಗ ಆಸ್ಟ್ರೇಲಿಯಾದಲ್ಲಿದ್ದಾಳಲ್ಲ, ಈ ಆಜ್ಞೆ ಅವಳಿಗೂ ಸಲ್ಲುತ್ತದೆಯೇ ಎಂದು ನಾನು ಆಯೋಗದ ಕಚೇರಿಗೆ ಹೋಗಿ ಕೇಳಿದೆ. ಖಾತೆ ತೆರೆದದ್ದು ಯಾವ ನಂಬರಿನಿಂದ ಅಂದರು. ಇಲ್ಲಿನ ನಂಬರು, ಶಾಲೆ ಬಿಟ್ಟ ವರ್ಷ, ನನ್ನ ಫೋನಿನಿಂದಲೇ ಅಂದೆ. ಹಾಗಾದರೆ ಅವಳಿಗೂ ಸಲ್ಲುತ್ತದೆ, ಅವಳೇ ಕೇಳಬೇಕು ಅಷ್ಟೇ ಅಂದರು. ಕೇಳು. ಇವತ್ತೇ ಕೇಳು.

ತಂಡದ ಪುಟ ನನ್ನ ಹೆಸರಲ್ಲಿತ್ತಲ್ಲ, ಅದರಲ್ಲಿದ್ದದ್ದನ್ನೆಲ್ಲ ನಾನು ಆಗಲೇ ಕೇಳಿ ತರಿಸಿಕೊಂಡೆ. ಮೊನ್ನೆ ಬಂತು. ಬ್ರೆಡ್‌ಫ್ರೂಟ್ ಸುಡಲು ಇಟ್ಟು ಒಂದೊಂದಾಗಿ ತೆರೆಯುತ್ತಿದ್ದೆ. ನೀನು ಪುಟಕ್ಕೂ ಹಾಕಿದ್ದ, ನಿನ್ನ ಖಾತೆಗೆ ಬೀಗ ಬಿದ್ದಾಗ ಅಲ್ಲಿಂದಲೂ ಮಾಯವಾಗಿದ್ದ ಆ ವಿಡಿಯೋ ಅದರಲ್ಲಿತ್ತು. ನನ್ನ ಅಡುಗೆಮನೆಯಲ್ಲಿ ಮತಲೇನಾ ಅಮ್ಮ ಪೀಪಿ ಊದಿದರು. ಹಾಡು ಎತ್ತಿದರು. ಎರಡನೇ ಸಾಲಿಗೆ ನಿಲ್ಲಿಸಿ, "ಸಿನಲೇ, ಬಾಯಿ ತೆಗೆದು ಹಾಡೇ! ನೊಣ ಹೋದ್ರೆ ನುಂಗು, ರಾಗ ಬಿಡಬೇಡ!" ಎಂದು ಬೈದರು. ಹಿಂದೆ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೇವೆ. ನಾನು ಎಷ್ಟು ಸಲ ನೋಡಿದೆನೋ, ಬ್ರೆಡ್‌ಫ್ರೂಟ್ ಇದ್ದಿಲಾಯಿತು. ಮಲಾಕಿಯ ಕೈಯಲ್ಲಿ ಕೊಕೊ ಉಂಡೆಗಳ ಡಬ್ಬಿ ಕಳಿಸಿದ್ದೇನೆ. ಅದರ ಮುಚ್ಚಳಕ್ಕೆ ಅಂಟಿಸಿರುವ, ಕಂಪ್ಯೂಟರಿಗೆ ಚುಚ್ಚುವ ಸಣ್ಣ ಕಡ್ಡಿಯಲ್ಲಿ ಅಮ್ಮ ಇದ್ದಾರೆ. ಮನೆಯವರನ್ನೆಲ್ಲ ಕರೆದು ಜೋರಾಗಿ ಹಾಕು.

ಮತ್ತೆ ಊರಿನ ಸುದ್ದಿ ಏನೆಂದರೆ, ಎಲ್ಲರೂ ಈಗ ಹೆದರದೆ ಫಾಲಾ ಹಾಕಿಕೊಂಡಿದ್ದಾರೆ, ಅದರಿಂದ ಸಣ್ಣಪುಟ್ಟ ಜಗಳಗಳೂ ಶುರುವಾಗಿವೆ. ಪಿಸಿಲಾ ಅತ್ತೆ ತನ್ನ ಫಾಲಾದಿಂದ ನನ್ನನ್ನೇ ತೆಗೆದುಹಾಕಿದ್ದಾಳೆ! ಯಾಕೆ ಎಂದು ಕೇಳಿದರೆ, "ಅಷ್ಟು ಕಷ್ಟಪಟ್ಟು ಹಕ್ಕು ತಗೊಂಡಿದೀನಿ, ಬಳಸಬೇಡ್ವಾ? ನಿನ್ನ ಅಡುಗೆ ಫೋಟೋ ನೋಡಿ ನೋಡಿ ಸಾಕಾಯ್ತು" ಎಂದಳು. ಸ್ವಂತ ಮಗನೂ ಇಲ್ಲ, ಪಾದ್ರಿಯೂ ಇಲ್ಲ. ಏಳೇ ಜನರನ್ನು ಉಳಿಸಿಕೊಂಡಿದ್ದಾಳೆ. ಎಲ್ಲರಿಗಿಂತ ಮೇಲಿನ ಜಾಗ ನಿನಗಂತೆ. ಅಲ್ಲಿ ಏನೂ ಕಾಣುವುದಿಲ್ಲ, ಸಿನಲೇಯ ಖಾತೆಯೇ ಇಲ್ಲವಲ್ಲ ಎಂದೆ. "ಇರ್ಲಿ ಬಿಡು, ಅವಳಿಗೆ ಮಾತಾಡ್ಬೇಕು ಅನ್ಸಿದಾಗ ಮಾತಾಡ್ತಾಳೆ" ಎಂದು ಫೋನು ಮಡಿಲಿಗೆ ಇಟ್ಟುಕೊಂಡಳು.

ನೀನು ಹಲೋವಾಗೆ ಮರಳುವುದು ಬಿಡುವುದು ನಿನ್ನಿಷ್ಟ, ಸಿನಲೇ. ಯಾರೂ ಒತ್ತಾಯ ಮಾಡುವುದಿಲ್ಲ. ಆದರೆ ಕ್ರಿಸ್‌ಮಸ್‌ಗೆ ಊರಿಗೆ ಬರುತ್ತೀ. ಅದರಲ್ಲಿ ಮಾತ್ರ ನಿನಗೆ ಆಯ್ಕೆ ಇಲ್ಲ.

ನಿನ್ನ ಗಂಟಲು ಸದಾ ತೆರೆದಿರಲಿ, ನಿನ್ನ ಮನೆ ಗದ್ದಲದಿಂದ ತುಂಬಿರಲಿ, ದೇವರು ನಿನ್ನನ್ನು ನಗಿಸುತ್ತಲೇ ಇರಲಿ.

ಪಿಸಿಲಾ ಅತ್ತೆಯ ಫೋನಿನಲ್ಲಿ ಇಲ್ಲದಿದ್ದರೂ ನಿನ್ನ ಎದೆಯಲ್ಲಿ ಇರುವ,
ಫುವಾತಿನೊ