ದಿಮ್ಮಿಯದೇನೂ ತಪ್ಪಿಲ್ಲ

ರೀ,

ನಾನು ಡ್ಯೂಟಿಗೆ ಹೊರಟೆ. ಎದ್ದ ತಕ್ಷಣ ಶೆಡ್ಡಿಗೆ ಓಡಬೇಡಿ, ಮೊದಲು ಇದನ್ನು ಓದಿ.

ನಿಮ್ಮಣ್ಣ ಕೊಟ್ಟ ಹಳೇ ಗರಗಸದ ಮಿಷನ್ ಚೆನ್ನಾಗಿಯೇ ಇದೆ. ಬ್ಲೇಡ್ ಕಾದು ಹೊಗೆ ಎದ್ದಿದ್ದಕ್ಕೆ, ಹಲಗೆ ಹಾವಿನ ಹಾಗೆ ಬಂದಿದ್ದಕ್ಕೆ ನಿನ್ನೆ ನೀವು ಮೊದಲು ಮೋಟಾರನ್ನು ಬೈದಿರಿ, ಆಮೇಲೆ ದಿಮ್ಮಿಯನ್ನು, ಕೊನೆಗೆ ಫೋನಿನಲ್ಲಿ ಅಣ್ಣನನ್ನೇ: "ಗುಜರಿ ಸಾಮಾನನ್ನ ನನ್ನ ತಲೆಗೆ ಕಟ್ಟಿದ್ಯಲ್ಲೋ, ಬಂದು ತಗೊಂಡು ಹೋಗು!" ಕುಣಿಯಲಾರದವಳಿಗೆ ನೆಲ ಡೊಂಕು, ನಿಮಗೆ ದಿಮ್ಮಿ ಡೊಂಕು.

ಬೆಳಗ್ಗೆ ಹೋಗಿ ನೋಡಿದೆ. ಬೆಲ್ಟಿನ ಹಾಗೆ ಸುತ್ತುವ ಆ ಹೊಸ ಬ್ಲೇಡಿನ ಒಳಮೈಯನ್ನು ಹೊರಗೆ ಮಾಡಿ ಚಕ್ರಗಳಿಗೆ ಹಾಕಿದ್ದೀರಿ. ಹಲ್ಲುಗಳೆಲ್ಲ ಹಿಂದಕ್ಕೆ ತಿರುಗಿದ್ದವು. ಪಾಪ, ಅದು ಮರವನ್ನು ಕುಯ್ಯುತ್ತಿರಲಿಲ್ಲ, ಉಜ್ಜುತ್ತಿತ್ತು. ನನಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಮದುವೆಯಾದಾಗಿನಿಂದ ನಿಮ್ಮ ಅಂಗಿಗಳನ್ನು ಒಗೆಯುವ ಮುಂಚೆ ತಿರುಗಿಸುತ್ತಾ ಬಂದವಳು ನಾನು.

ಬ್ಲೇಡನ್ನೂ ಹಾಗೆಯೇ ತಿರುಗಿಸಿ ಹಾಕಿದ್ದೇನೆ. ಬಿಗಿ ಮಾಡುವುದನ್ನು ನಿಮಗೆ ಬಿಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ಸಡಿಲ ಬಿಡಿ, ಮರೆಯಬೇಡಿ. ಬ್ಲೇಡಿಗೆ ತೊಟ್ಟಿಕ್ಕುವ ನೀರಿನ ಡಬ್ಬ ಖಾಲಿಯಾಗಿದೆ, ತುಂಬಿಸಿ. ಕೈಗವಸು ಕಿಟಕಿಯಲ್ಲಿದೆ, ಅದು ಇರುವುದು ಕಿಟಕಿಯ ಅಂದಕ್ಕಲ್ಲ.

ಸಂಜೆ ಭಾವ ಮಿಷನ್ ಒಯ್ಯಲು ವ್ಯಾನ್ ತರುತ್ತಾರೆ. ಬರಬೇಡಿ ಎಂದು ನಾನು ಹೇಳಿಲ್ಲ. ಬೈದವರು ನೀವು, ತಡೆಯುವವರೂ ನೀವೇ. "ತಪ್ಪಾಯ್ತು" ಎನ್ನಲು ನಾಲಗೆ ಏಳದಿದ್ದರೆ ನೇರವಾದ ಒಂದು ಹಲಗೆ ಕುಯ್ದು ಅವರ ಕೈಗಿಡಿ. ಅವರಿಗೆ ಅರ್ಥವಾಗುತ್ತದೆ.

ಅದಕ್ಕೆ ಮುಂಚೆ ಒಮ್ಮೆ ಕನ್ನಡಿ ನೋಡಿಕೊಳ್ಳಿ. ನೀವು ತೊಟ್ಟು ಮಲಗಿರುವ ಅಂಗಿಯೂ ಉಲ್ಟಾ ಇದೆ. ಅದನ್ನಾದರೂ ನೀವೇ ತಿರುಗಿಸಿಕೊಳ್ಳಿ.